ಆರೂವರೆ ವರ್ಷಕ್ಕೊಮ್ಮೆ ಬರುವ ಧೂಮಕೇತು 1969ರವರೆಗೆ ಎಲ್ಲಿತ್ತು?

ಪ್ರಶ್ನೆ: ರೊಸೆಟ್ಟಾ ನೌಕೆ ಭೇಟಿ ಕೊಟ್ಟ 67ಪಿ ಚುರ್ಯುಮೋವ್-ಗೆರಸಿಮೆಂಕೊ ಧೂಮಕೇತು ಸುಮಾರು ಆರೂವರೆ ವರ್ಷಕ್ಕೊಮ್ಮೆ ಸೂರ್ಯನ ಸಮೀಪಕ್ಕೆ ಬರುತ್ತದೆ ಎಂದು ಓದಿದ್ದೇನೆ. ಇಷ್ಟು ಬೇಗಬೇಗನೆ ಬರುವ ಧೂಮಕೇತುವನ್ನು 1969ಕ್ಕಿಂತ ಮೊದಲು ಯಾರೂ ಏಕೆ ಕಾಣಲಿಲ್ಲ? ಹ್ಯಾಲಿ ಧೂಮಕೇತುವನ್ನು ಎರಡು ಸಾವಿರ ವರ್ಷಗಳಿಂದ ದಾಖಲಿಸುತ್ತ ಬಂದಿದ್ದಾರಲ್ಲ? ಇದರ ಕಕ್ಷೆ ಬದಲಾಗಿದೆ ಎಂದೂ ಕೇಳಿದೆ. ನ್ಯೂಟನ್ನನ ನಿಯಮದಂತೆ ಸುತ್ತುವ ಕಾಯದ ಕಕ್ಷೆ ಬದಲಾಗುವುದು ಹೇಗೆ? ಮುಂದೆಯೂ ಬದಲಾಗುವುದೇ?

ಉತ್ತರ: ತಾವು ಎರಡು ಬೇರೆ ಪ್ರಶ್ನೆಗಳೆಂದು ಕೇಳಿರುವುದಕ್ಕೆ ಉತ್ತರ ಒಂದೇ. 1959ರಲ್ಲಿ ಈ ಧೂಮಕೇತುವಿನ ಕಕ್ಷೆ ಬದಲಾಯಿತು. ಆ ಕಾರಣದಿಂದಲೇ 1969ರಲ್ಲಿ ಅದು ಕಣ್ಣಿಗೆ ಬಿತ್ತು. ಕಕ್ಷೆ ಬದಲಾಗದೆ ಇದ್ದಿದ್ದರೆ ಅದು ಇನ್ನೂ ಬಹುಕಾಲ ಅಜ್ಞಾತವಾಗಿಯೇ ಉಳಿಯುತ್ತಿತ್ತು.

ಮೊದಲು ಅಂಕಿಅಂಶಗಳನ್ನು ನೋಡೋಣ. ಭೂಮಿ ಮತ್ತು ಸೂರ್ಯರ ನಡುವಣ ಸರಾಸರಿ ದೂರವನ್ನು, ಅಂದರೆ ಸುಮಾರು 15 ಕೋಟಿ ಕಿಲೋಮೀಟರನ್ನು, ಒಂದು ಖಗೋಳಮಾನ ಎನ್ನುತ್ತೇವೆ. ಧೂಮಕೇತು ಸೂರ್ಯನಿಗೆ ಅತ್ಯಂತ ಸಮೀಪ ಬರುವ ಬಿಂದು ಪುರರವಿ, ಅತ್ಯಂತ ದೂರ ಹೋಗುವ ಬಿಂದು ಅಪರವಿ. 1959ಕ್ಕೆ ಮುನ್ನ 67ಪಿಯ ಪುರರವಿ ದೂರ ಸುಮಾರು 2.7 ಖಗೋಳಮಾನವಿತ್ತು, ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಹತ್ತಿರ ಹತ್ತಿರ 9 ವರ್ಷ ಬೇಕಾಗುತ್ತಿತ್ತು. ಅದಕ್ಕೂ ಹಿಂದೆ, 1840ರಲ್ಲಿ ಗುರು ಗ್ರಹದೊಡನೆ ನಡೆದ ಇನ್ನೊಂದು ಸಮಾಗಮಕ್ಕೆ, ಎಂದರೆ ಅದರ ಸಮೀಪದಲ್ಲಿ ಹಾದುಹೋಗುವುದಕ್ಕೆ, ಮೊದಲು, ಪುರರವಿ ಸುಮಾರು 4 ಖಗೋಳಮಾನದಷ್ಟು ದೂರದಲ್ಲಿತ್ತೆಂದು ಹಿಮ್ಮುಖ ಲೆಕ್ಕಾಚಾರಗಳು ಹೇಳುತ್ತವೆ. 1959ರ ಫೆಬ್ರವರಿಯಲ್ಲಿ ಅದು ಗುರು ಗ್ರಹದಿಂದ ಸುಮಾರು 0.05 ಖಗೋಳಮಾನ, ಎಂದರೆ 78 ಲಕ್ಷ ಕಿಲೋಮೀಟರಿನಷ್ಟೇ ದೂರದಲ್ಲಿ ಹಾದುಹೋಯಿತು. ಅಲ್ಲಿಂದ ಹೊರಬಿದ್ದಾಗ ಅದರ ಪುರರವಿ 1.28 ಖಗೋಳಮಾನಕ್ಕೆ ಇಳಿದಿತ್ತು, ಸುತ್ತಿನ ಅವಧಿ ಆರೂವರೆ ವರ್ಷವಾಗಿತ್ತು, ಭೂಕಕ್ಷೆಯ ತಲಕ್ಕೆ ಅದರ ಕಕ್ಷೆಯ ಓರೆ ಸುಮಾರು 23 ಡಿಗ್ರಿಯಿಂದ 7 ಡಿಗ್ರಿಗೆ ಬಂದಿತ್ತು.

ಪುರರವಿ ಅರ್ಧಕ್ಕಿಂತ ಕಡಿಮೆಯಾದುದರ ಪರಿಣಾಮ ನಾವು ಮೊದಲ ನೋಟಕ್ಕೆ ಊಹಿಸುವುದಕ್ಕಿಂತ ಬಹಳ ದೊಡ್ಡದು. ಬಿಸಿಲಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿರುವುದರಿಂದ, ಹೊಸ ಪುರರವಿಯಲ್ಲಿ ಧೂಮಕೇತುವಿನ ಮೇಲೆ ಬೀಳುವ ಬಿಸಿಲು ಹಳೆಯದರ ನಾಲ್ಕೂವರೆ ಪಟ್ಟಾಯಿತು. ನೀರ್ಗಲ್ಲು ನೇರವಾಗಿ ಆವಿಯಾಗುವ ಕ್ರಿಯೆ ಸೂರ್ಯನಿಂದ ಸುಮಾರು 3 ಖಗೋಳಮಾನದೊಳಗೆ ಬಂದ ಮೇಲಷ್ಟೇ ಬಿರುಸಾಗುತ್ತದೆ. 2.7ರಲ್ಲಿ ಅದು ಆಗತಾನೇ ಆರಂಭವಾಗುವ ಹಂತದಲ್ಲಿರುತ್ತದೆ, ಧೂಮಕೇತು ಹಿಂದಿರುಗುವ ಹೊತ್ತಿಗೆ ನಿಂತೂಹೋಗುತ್ತದೆ. ನಾಲ್ಕು ಕಿಲೋಮೀಟರ್ ಅಗಲದ, ಇದ್ದಿಲಿನಷ್ಟು ಕಪ್ಪಾದ ಒಂದು ಕಾಯ ಆವಿಯನ್ನಾಗಲೀ ಧೂಳನ್ನಾಗಲೀ ಹೆಚ್ಚಾಗಿ ಉಗುಳದೆ ಅಷ್ಟು ದೂರದಲ್ಲಿ ಹಾದುಹೋದರೆ, ಆ ಕಾಲದ ದೂರದರ್ಶಕಗಳಲ್ಲಿ ಅದನ್ನು ಗುರುತಿಸುವ ಸಾಧ್ಯತೆ ಅತ್ಯಲ್ಪ. ಇದರ ಜೊತೆಗೆ, ಹಳೆಯ ಕಕ್ಷೆಯಲ್ಲಿ ಅದು ಭೂಮಿಗೆ ಎಷ್ಟೇ ಹತ್ತಿರ ಬಂದರೂ 1.7 ಖಗೋಳಮಾನದ ಅಂತರ ಉಳಿಯುತ್ತಿತ್ತು. ಹೊಸ ಕಕ್ಷೆಯಲ್ಲಿ 1982ರಲ್ಲಿಯೂ 2021ರಲ್ಲಿಯೂ ಸುಮಾರು 0.4 ಖಗೋಳಮಾನದವರೆಗೆ ಬಂದಿತು.

ಹ್ಯಾಲಿಯೊಡನೆ ಇದನ್ನು ಹೋಲಿಸುವುದು ಸಹಜವಾದರೂ ಸರಿಯಾಗದು. ಹ್ಯಾಲಿಯ ಪುರರವಿ 0.59 ಖಗೋಳಮಾನ, ಎಂದರೆ ಅದು ಶುಕ್ರನ ಕಕ್ಷೆಯ ಒಳಕ್ಕೇ ಬಂದು ಬರಿಗಣ್ಣಿಗೆ ಕಾಣುವಂತೆ ಉರಿಯುತ್ತದೆ. ಅಲ್ಲದೆ ಅದು ಗ್ರಹಗಳ ಚಲನೆಗೆ ವಿರುದ್ಧ ದಿಕ್ಕಿನಲ್ಲಿ ಸಾಗುವುದರಿಂದ, ಗುರುವಿನ ಕಕ್ಷೆಯ ವಲಯವನ್ನು ದಾಟಿದರೂ ಅದರ ಜೊತೆಯಲ್ಲಿ ನಿಧಾನವಾಗಿ ಸಾಗುತ್ತ ಪ್ರಭಾವಕ್ಕೆ ಸಿಲುಕುವ ಸಂದರ್ಭ ಕಡಿಮೆ. ಆದರೂ ಹ್ಯಾಲಿಯ ಅವಧಿ ಕೂಡ 74ರಿಂದ 79 ವರ್ಷಗಳ ನಡುವೆ ಓಲಾಡಿದೆ. 1758ರಲ್ಲಿ ಫ್ರಾನ್ಸಿನ ಅಲೆಕ್ಸಿ ಕ್ಲೆರೋ, ಲಾಲಾಂಡ್ ಮತ್ತು ನಿಕೋಲ್-ರೆನ್ ಲೆಪೋಟ್ ತಿಂಗಳುಗಟ್ಟಲೆ ಕೈಲೆಕ್ಕ ಮಾಡಿ, ಗುರುವಿನ ಕ್ಷೋಭೆಯಿಂದ, ಎಂದರೆ ಅದರ ಎಳೆತ ದಾರಿಯನ್ನು ಕದಲಿಸುವುದರಿಂದ, 518 ದಿನ, ಶನಿಯ ಕ್ಷೋಭೆಯಿಂದ 100 ದಿನ ಅದು ತಡವಾಗುವುದೆಂದು ಹೇಳಿದರು. ಅವರು ಸೂಚಿಸಿದ 1759ರ ಏಪ್ರಿಲ್ ಮಧ್ಯಭಾಗಕ್ಕೆ ಬದಲಾಗಿ ಮಾರ್ಚ್ 13ರಂದು ಅದು ಪುರರವಿಯನ್ನು ತಲುಪಿತು. ಗಣಕಯಂತ್ರಗಳಿಲ್ಲದ, ಯುರೇನಸ್ ಮತ್ತು ನೆಪ್ಚೂನ್ ಇವೆಯೆಂದೇ ಗೊತ್ತಿರದ ಕಾಲದಲ್ಲಿ ಒಂದು ತಿಂಗಳ ತಪ್ಪು ತಪ್ಪೇ ಅಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನು 67ಪಿಯ ಶೋಧದ ವಿಚಾರ. 1969ರಲ್ಲಿ ಕೀವ್‌ನ ಖಗೋಳಜ್ಞರ ಒಂದು ಸಣ್ಣ ತಂಡ ಧೂಮಕೇತುಗಳ ಛಾಯಾಚಿತ್ರ ತೆಗೆಯಲೆಂದು ಆಗಿನ ಸೋವಿಯತ್ ಕಜಾಕಿಸ್ತಾನದ ಆಲ್ಮಾ-ಆಟಾ ವೀಕ್ಷಣಾಲಯಕ್ಕೆ ಹೋಗಿತ್ತು. ಸೆಪ್ಟೆಂಬರ್ 11ರಂದು ಸ್ವೆತ್ಲಾನಾ ಗೆರಸಿಮೆಂಕೊ 50 ಸೆಂಟಿಮೀಟರ್ ದೂರದರ್ಶಕದಲ್ಲಿ 32ಪಿ ಕೋಮಸ್ ಸೋಲಾ ಎಂಬ, ಮೊದಲೇ ಪರಿಚಿತವಾಗಿದ್ದ ಧೂಮಕೇತುವಿನ ಚಿತ್ರವನ್ನು ಗಾಜಿನ ಫಲಕದ ಮೇಲೆ ಸೆರೆಹಿಡಿದರು. ಆ ಫಲಕವನ್ನು ಪರಿಶೀಲಿಸಿದ ಕ್ಲಿಮ್ ಚುರ್ಯುಮೋವ್ ಅಂಚಿನ ಬಳಿ ಧೂಮಕೇತುವಿನಂಥ ಮಸುಕು ಆಕೃತಿಯೊಂದನ್ನು ಕಂಡು, ಅದೇ ಕೋಮಸ್ ಸೋಲಾ ಎಂದುಕೊಂಡರು. ಹಾಗೆ ಅಂದುಕೊಳ್ಳುವುದು ಸಹಜವೇ. ಹುಡುಕುತ್ತಿದ್ದುದು ಅದನ್ನೇ, ಕಂಡದ್ದೂ ಧೂಮಕೇತುವನ್ನೇ. ಕೀವ್‌ಗೆ ಮರಳಿ ಫಲಕಗಳ ಅಳತೆಗೆ ಕುಳಿತಾಗ, ಅಕ್ಟೋಬರ್ 22ರಂದು, ಲೆಕ್ಕ ಕೂಡಲಿಲ್ಲವೆಂಬುದು ಸ್ಪಷ್ಟವಾಯಿತು. ಆ ಆಕೃತಿ ಕೋಮಸ್ ಸೋಲಾ ಇರಬೇಕಾದ ಜಾಗದಿಂದ 1.8 ಡಿಗ್ರಿ ಆಚೆಗಿತ್ತು. ಆಕಾಶದಲ್ಲಿ ಇದು ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟರೂ ತುಂಬದ ಅಂತರ. ಕಕ್ಷೆ ಗೊತ್ತಿರುವ ಧೂಮಕೇತುವಿಗೆ ಅಷ್ಟು ತಪ್ಪು ಬರುವಂತಿಲ್ಲ. ಫಲಕವನ್ನು ಮತ್ತೆ ಪರೀಕ್ಷಿಸಿದಾಗ ನಿಜವಾದ ಕೋಮಸ್ ಸೋಲಾ ತನ್ನ ಜಾಗದಲ್ಲಿಯೇ ಮಂಕಾಗಿ ಮೂಡಿರುವುದು ಕಂಡುಬಂತು. ಸೆಪ್ಟೆಂಬರ್ 9 ಮತ್ತು 21ರ ಫಲಕಗಳಲ್ಲಿಯೂ ಹೊಸ ಕಾಯ ಸಿಕ್ಕಿತು. ಇಂಥ ಶೋಧಗಳನ್ನು ಆಕಸ್ಮಿಕ ಎಂದು ಬಣ್ಣಿಸುವ ರೂಢಿಯಿದೆ. ಫಲಕದ ಮೇಲೆ ಅದು ಬಿದ್ದದ್ದು ಆಕಸ್ಮಿಕವೇ ಇರಬಹುದು. ಆದರೆ ಒಮ್ಮೆ ಗುರುತು ಹಿಡಿದಾಯಿತೆಂದುಕೊಂಡ ಆಕೃತಿಯ ಸ್ಥಾನವನ್ನು ಒಂದು ತಿಂಗಳ ಬಳಿಕ ಅಳೆದು ನೋಡಿದ್ದು ಆಕಸ್ಮಿಕವಲ್ಲ.

1959ರ ನಂತರ ಈ ಧೂಮಕೇತು ಹೊಸ ಪುರರವಿಗೆ ಮೊದಲು ಬಂದದ್ದು 1963ರ ಸುಮಾರಿಗೆ. ಆಗ ಯಾರ ಗಮನಕ್ಕೂ ಬರಲಿಲ್ಲ. ಎರಡನೆಯ ಸಲಕ್ಕೇ ಸಿಕ್ಕಿಬಿದ್ದಿತು. ಹಾಗಾಗಿ 'ಇಷ್ಟು ದಿನ ಏಕೆ ಕಾಣಲಿಲ್ಲ' ಎಂಬ ತಮ್ಮ ಪ್ರಶ್ನೆಯಲ್ಲಿನ 'ಇಷ್ಟು ದಿನ' ವಾಸ್ತವದಲ್ಲಿ ಹತ್ತೇ ವರ್ಷ.

ಈಗ ಕಕ್ಷೆ ಬದಲಾಗುವ ಬಗೆ. ನ್ಯೂಟನ್ನನ ನಿಯಮದಂತೆ ಸ್ಥಿರವಾದ ದೀರ್ಘವೃತ್ತ ಸಿಗುವುದು ಎರಡೇ ಕಾಯಗಳಿದ್ದಾಗ. ಸೌರವ್ಯೂಹದಲ್ಲಿ ಸೂರ್ಯನ ಜೊತೆಗೆ ಗ್ರಹಗಳೂ ಎಳೆಯುತ್ತವೆ. ಅವುಗಳಲ್ಲಿ ಗುರುವಿನ ದ್ರವ್ಯರಾಶಿ ಭೂಮಿಯ 318 ಪಟ್ಟು. ಧೂಮಕೇತು ಗುರುವಿನ ಸಮೀಪಕ್ಕೆ ಬಂದಾಗ ಕೆಲವು ತಿಂಗಳ ಮಟ್ಟಿಗೆ ಸೂರ್ಯನಿಗಿಂತ ಗುರುವೇ ಅದರ ಚಲನೆಯನ್ನು ನಿರ್ಧರಿಸುತ್ತದೆ. ಗುರುವಿನ ಮೇಲೆ ನಿಂತು ನೋಡುವವರಿಗೆ ಧೂಮಕೇತು ಒಂದು ವೇಗದಲ್ಲಿ ಬಂದು, ದಾರಿ ಬಾಗಿಸಿಕೊಂಡು, ಅದೇ ವೇಗದಲ್ಲಿ ಹೊರಟುಹೋದಂತೆ ಕಾಣುತ್ತದೆ. ಬದಲಾಗುವುದು ದಿಕ್ಕು ಮಾತ್ರ. ಆದರೆ ಗುರು ತಾನೇ ಸೆಕೆಂಡಿಗೆ ಸುಮಾರು 13 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಸೂರ್ಯನ ದೃಷ್ಟಿಯಿಂದ ಧೂಮಕೇತುವಿನ ವೇಗವೆಂದರೆ ಗುರುವಿನ ವೇಗಕ್ಕೆ ಅದರ ಸಾಪೇಕ್ಷ ವೇಗವನ್ನು ದಿಕ್ಕಿನ ಸಮೇತ ಕೂಡಿಸಿದ ಮೊತ್ತ. ಸಾಪೇಕ್ಷ ವೇಗದ ದಿಕ್ಕು ತಿರುಗಿ ಗುರುವಿನ ಚಲನೆಗೆ ಎದುರಾದರೆ ಮೊತ್ತ ಕುಗ್ಗುತ್ತದೆ, ಅದರ ಜೊತೆಗೂಡಿದರೆ ಹಿಗ್ಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಗುರುವಿನ ಮುಂದಿನಿಂದ ಹಾದುಹೋಗುವ ಧೂಮಕೇತು ಹಿಂದಕ್ಕೆ ಜಗ್ಗಿಸಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ, ಹಿಂದಿನಿಂದ ಹಾಯುವುದು ಶಕ್ತಿ ಪಡೆಯುತ್ತದೆ. ಕಳೆದ ಶಕ್ತಿ ಗುರುವಿಗೇ ಸೇರುತ್ತದೆ. 67ಪಿಯ ದ್ರವ್ಯರಾಶಿ ಸುಮಾರು ಸಾವಿರ ಕೋಟಿ ಟನ್ ಮಾತ್ರವಾದ್ದರಿಂದ ಗುರುವಿಗೆ ಅದು ಲೆಕ್ಕಕ್ಕೇ ಬಾರದು.

1959ರಲ್ಲಿ ಗುರು ಸೂರ್ಯನಿಂದ ಸುಮಾರು 5.4 ಖಗೋಳಮಾನ ದೂರದಲ್ಲಿತ್ತು. ಆ ದೂರದಲ್ಲಿ, ಹಳೆಯ ಕಕ್ಷೆಯಲ್ಲಿದ್ದ 67ಪಿಗೆ ಸೂರ್ಯನ ದೃಷ್ಟಿಯಿಂದ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗವಿರಬೇಕು. ಹೊಸ ಕಕ್ಷೆಯಲ್ಲಿ ಅದೇ ಜಾಗದಲ್ಲಿ 9ಕ್ಕೂ ತುಸು ಕಡಿಮೆ. ಸೆಕೆಂಡಿಗೆ ಎರಡು ಚಿಲ್ಲರೆ ಕಿಲೋಮೀಟರ್ ವ್ಯತ್ಯಾಸ, ಅಷ್ಟೆ. ಕಕ್ಷೆಯ ದೂರದ ತುದಿಯಲ್ಲಿ ವೇಗ ಕಡಿಮೆಯಾದ ಕಾಯ ಸೂರ್ಯನ ಕಡೆಗೆ ಹೆಚ್ಚು ನೇರವಾಗಿ ಬೀಳುತ್ತದೆ, ಆದ್ದರಿಂದ ಪುರರವಿ ಒಳಕ್ಕೆ ಸರಿಯುತ್ತದೆ. ಹಳೆಯ ಕಕ್ಷೆಯೂ ಹೊಸ ಕಕ್ಷೆಯೂ ಸಮಾಗಮ ನಡೆದ ಜಾಗದ ಮೂಲಕವೇ ಹಾಯಬೇಕಾದ್ದರಿಂದ ಅಪರವಿ ಮಾತ್ರ ಹೆಚ್ಚು ಕದಲುವುದಿಲ್ಲ, 67ಪಿಯದು 5.9ರಿಂದ 5.7ಕ್ಕೆ ಬಂದಿತು, ಅಷ್ಟೇ. ಇದರಲ್ಲಿ ಮುಂದಿನ ಕಥೆಯೂ ಅಡಗಿದೆ. ಗುರುವಿನ ದಾರಿಯನ್ನು ಮುಟ್ಟುವ ಕಕ್ಷೆಯಲ್ಲಿಯೇ ಧೂಮಕೇತು ಉಳಿಯುವುದರಿಂದ, ಗುರುವಿನ 11.86 ವರ್ಷದ ಸುತ್ತೂ ಇದರ ಆರೂವರೆ ವರ್ಷದ ಸುತ್ತೂ ಎಂದಾದರೊಂದು ದಿನ ಮತ್ತೆ ಅದೇ ಪ್ರದೇಶದಲ್ಲಿ ಸಂಧಿಸಲೇಬೇಕು. ಪಟ್ಟಿಗಳಲ್ಲಿ ಅಚ್ಚಾಗಿರುವ 'ಅವಧಿ 6.5 ವರ್ಷ' ಎಂಬುದನ್ನು ಆ ಧೂಮಕೇತುವಿನ ಹುಟ್ಟುಗುಣವೆಂದು ತಿಳಿಯಬಾರದು. ಗುರುವಿನೊಡನೆ ಕೊನೆಯ ಸಲ ಆದ ಭೇಟಿಯಿಂದ ಮುಂದಿನ ಭೇಟಿಯವರೆಗೆ ಮಾತ್ರ ಸಲ್ಲುವ ಸಂಖ್ಯೆ ಅದು.

ಕಕ್ಷೆ ಇಷ್ಟೊಂದು ಬದಲಾದರೆ ಹಳೆಯದೂ ಹೊಸದೂ ಒಂದೇ ಧೂಮಕೇತುವೆಂದು ಹೇಳುವುದು ಹೇಗೆಂದು ತಾವು ಕೇಳಬಹುದು. ಈ ತೊಡಕಿಗೆ ಫ್ರೆಂಚ್ ಖಗೋಳಜ್ಞ ಫೆಲಿಕ್ಸ್ ಟಿಸೆರಾಂಡ್ 1889ರಲ್ಲಿ ಒಂದು ಸೂತ್ರ ಕೊಟ್ಟರು. ಕಕ್ಷೆಯ ಗಾತ್ರ, ಉತ್ಕೇಂದ್ರತೆ (ದೀರ್ಘವೃತ್ತ ಎಷ್ಟು ಉದ್ದುದ್ದವಾಗಿದೆ ಎಂಬ ಅಳತೆ), ಓರೆ ಈ ಮೂರೂ ಬಿಡಿಬಿಡಿಯಾಗಿ ಬದಲಾದರೂ ಅವುಗಳಿಂದ ಕಟ್ಟಿದ ಒಂದು ಸಂಖ್ಯೆ ಗುರುವಿನ ಸಮಾಗಮದ ಮುಂಚೆಯೂ ಆಮೇಲೂ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. 67ಪಿಯ 1959ರ ಹಿಂದಿನ ಕಕ್ಷೆಗೆ ಅದನ್ನು ಹಾಕಿ ನೋಡಿದರೆ 2.76ರಷ್ಟು ಬರುತ್ತದೆ, ಈಗಿನ ಕಕ್ಷೆಗೆ 2.75. ಈ ಸಂಖ್ಯೆ 2ರಿಂದ 3ರ ನಡುವೆ ಇರುವ ಧೂಮಕೇತುಗಳನ್ನು ಇಂದು ಗುರುಕುಟುಂಬದವು ಎಂದು ಕರೆಯುತ್ತಾರೆ. ಅವುಗಳ ಮೂಲ ನೆಪ್ಚೂನಿನಾಚೆಯ ಹಿಮಕಾಯಗಳ ವಲಯದಲ್ಲಿದೆ. ಅಲ್ಲಿಂದ ಗ್ರಹದಿಂದ ಗ್ರಹಕ್ಕೆ ಕೈ ಬದಲಾಯಿಸುತ್ತ ಕೊನೆಗೆ ಗುರುವಿನ ವಶಕ್ಕೆ ಬರುತ್ತವೆ.

ಶೋಧಕ್ಕೆ ಕೆಲವೇ ವರ್ಷಗಳ ಹಿಂದೆ ಗುರುವಿನ ಸಮಾಗಮ ಆಗಿರುವುದು 67ಪಿಯೊಂದರ ಕಥೆಯಲ್ಲ. ಸ್ವಿಟ್ಜರ್ಲೆಂಡಿನ ಪೌಲ್ ವಿಲ್ಡ್ 1978ರ ಜನವರಿಯಲ್ಲಿ ಕಂಡುಹಿಡಿದ 81ಪಿ ವಿಲ್ಡ್ 2 ಧೂಮಕೇತುವನ್ನು ನೋಡಿ. 1974ರ ಸೆಪ್ಟೆಂಬರಿನಲ್ಲಿ ಅದು ಗುರುವಿನಿಂದ ಹತ್ತು ಲಕ್ಷ ಕಿಲೋಮೀಟರಿಗಿಂತಲೂ ಕಡಿಮೆ ದೂರದಲ್ಲಿ ಹಾದಿತ್ತು. ಅದಕ್ಕೆ ಮುಂಚೆ ಅದರ ಪುರರವಿ ಗುರುವಿನ ಕಕ್ಷೆಯ ಬಳಿಯೇ ಇತ್ತು, ಅವಧಿ 40 ವರ್ಷಕ್ಕೂ ಹೆಚ್ಚು. ಆಮೇಲೆ ಪುರರವಿ ಸುಮಾರು ಒಂದೂವರೆ ಖಗೋಳಮಾನ, ಅವಧಿ ಆರು ವರ್ಷ ಚಿಲ್ಲರೆ. ಬಿಸಿಲಿಗೆ ಹೆಚ್ಚು ಬೇಯದ ಹೊಸಬನೆಂಬುದೇ ಸ್ಟಾರ್‌ಡಸ್ಟ್ ನೌಕೆ ಅದರತ್ತ ಹೋಗಲು ಒಂದು ಮುಖ್ಯ ಕಾರಣವಾಯಿತು. 2004ರ ಜನವರಿಯಲ್ಲಿ ಹಿಡಿದ ಅದರ ಧೂಳು 2006ರ ಜನವರಿಯಲ್ಲಿ ಭೂಮಿಗೆ ಬಂದಿಳಿಯಿತು.

ಗುರು ಒಳಕ್ಕೆ ಎಳೆದದ್ದನ್ನು ಮತ್ತೆ ಹೊರಕ್ಕೆ ತಳ್ಳುವುದೂ ಉಂಟು. ಫಿನ್ಲೆಂಡಿನ ಲೀಸಿ ಒಟೆರ್ಮಾ 1943ರಲ್ಲಿ ಕಂಡುಹಿಡಿದ 39ಪಿ ಇದಕ್ಕೆ ಒಳ್ಳೆಯ ನಿದರ್ಶನ. 1937ರವರೆಗೆ ಅದು ಗುರುವಿನ ಕಕ್ಷೆಯ ಹೊರಗೇ 18 ವರ್ಷಕ್ಕೊಮ್ಮೆ ಸುತ್ತುತ್ತಿತ್ತು. 1937ರ ಸಮಾಗಮ ಅದನ್ನು ಒಳಕ್ಕೆ ತಂದು, ಪುರರವಿಯನ್ನು 3.4 ಖಗೋಳಮಾನಕ್ಕೂ ಅವಧಿಯನ್ನು 7.9 ವರ್ಷಕ್ಕೂ ಇಳಿಸಿತು. ಆ ಸ್ಥಿತಿಯಲ್ಲಿ ಮೂರು ಸುತ್ತು ಮುಗಿಸುವಷ್ಟರಲ್ಲಿ, 1963ರಲ್ಲಿ, ಗುರು ಮತ್ತೆ ಅದನ್ನು ತನ್ನ ಕಕ್ಷೆಯ ಹೊರಕ್ಕೆ, 19 ವರ್ಷದ ಸುತ್ತಿಗೆ, ಕಳುಹಿಸಿತು. ಒಟೆರ್ಮಾ ಕಂಡದ್ದು ಆ ಕಿರು ಅವಕಾಶದಲ್ಲಿ. ಮುಂದೆ ದಶಕಗಳ ಕಾಲ ಕಾಣದೆ ಹೋದ ಅದನ್ನು ಹೆಚ್ಚು ಸೂಕ್ಷ್ಮವಾದ ಉಪಕರಣಗಳು 2001ರಲ್ಲಿ ಮತ್ತೆ ಹಿಡಿದವು.

ಈ ವಿದ್ಯಮಾನವನ್ನು ಮೊಟ್ಟಮೊದಲು ಅರ್ಥಮಾಡಿಕೊಂಡದ್ದು ಎರಡೂವರೆ ಶತಮಾನದ ಹಿಂದೆ. 1770ರ ಜೂನ್ 14ರಂದು ಶಾರ್ಲ್ ಮೆಸ್ಸಿಯೆ ಕಂಡ ಧೂಮಕೇತು ಜುಲೈ 1ರಂದು ಭೂಮಿಯಿಂದ ಕೇವಲ 22-23 ಲಕ್ಷ ಕಿಲೋಮೀಟರ್ ದೂರದಲ್ಲಿ, ಚಂದ್ರನ ದೂರದ ಆರು ಪಟ್ಟಿನಷ್ಟರಲ್ಲಿ, ಹಾದುಹೋಯಿತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆಂಡರ್ಸ್ ಯೋಹಾನ್ ಲೆಕ್ಸೆಲ್ ಅದರ ಅವಧಿ ಐದೂವರೆ ವರ್ಷಕ್ಕೆ ಸ್ವಲ್ಪ ಮೇಲೆಂದು ಲೆಕ್ಕ ಹಾಕಿದರು. ಹಾಗಾದರೆ ಮೊದಲು ಏಕೆ ಕಾಣಲಿಲ್ಲವೆಂದು ಅಂದಿನವರು ಕೇಳಿದ್ದೂ ತಮ್ಮ ಪ್ರಶ್ನೆಯನ್ನೇ. 1767ರಲ್ಲಿ ಅದು ಗುರುವಿನ ಬಳಿ ಹಾದು ಈ ಕಕ್ಷೆಗೆ ಬಂದಿದೆ, ಮತ್ತು 1779ರಲ್ಲಿ ಪುನಃ ಗುರುವಿನ ತೀರ ಸಮೀಪ ಹೋಗಲಿದೆ ಎಂಬುದು ಲೆಕ್ಸೆಲ್ಲರ ಉತ್ತರ. 1776ರ ಬರವಿನಲ್ಲಿ ಅದು ಭೂಮಿಯಿಂದ ನೋಡಲು ಅನುಕೂಲವಾದ ಜಾಗದಲ್ಲಿರಲಿಲ್ಲ. 1779ರ ಬಳಿಕ ಅದನ್ನು ಯಾರೂ ನೋಡಿಲ್ಲ. ಅದು ಅಷ್ಟು ಹತ್ತಿರ ಬಂದರೂ ಭೂಮಿಯ ವರ್ಷದ ಅವಧಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲವೆಂಬುದನ್ನು ಹಿಡಿದು ಫ್ರೆಂಚ್ ಗಣಿತಜ್ಞ ಲಪ್ಲಾಸ್, ಧೂಮಕೇತುವಿನ ದ್ರವ್ಯರಾಶಿ ಭೂಮಿಯ ಐದು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಿರಬೇಕೆಂದು ತೋರಿಸಿದರು. ನನ್ನ ಮಟ್ಟಿಗೆ ಧೂಮಕೇತುಗಳ ಇತಿಹಾಸದಲ್ಲಿ ಹ್ಯಾಲಿಯ ಮರುಬರವಿನಷ್ಟೇ ತೂಕದ ಘಟನೆ ಇದು. ಜನಪ್ರಿಯ ಬರಹಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಗುರುವಿನ ಹೊರತಾಗಿ ಕಕ್ಷೆಯನ್ನು ಬದಲಿಸುವ ಇನ್ನೊಂದು ಕಾರಣ ಧೂಮಕೇತುವಿನ ಒಳಗೇ ಇದೆ. ಬಿಸಿಲಿಗೆ ಒಡ್ಡಿದ ಮೈಯಿಂದ ಚಿಮ್ಮುವ ಆವಿ ಧೂಮಕೇತುವನ್ನು ವಿರುದ್ಧ ದಿಕ್ಕಿಗೆ ನೂಕುತ್ತದೆ. ಎಂಕೆ ಧೂಮಕೇತು ಪ್ರತಿ ಸುತ್ತಿಗೆ ಸುಮಾರು ಎರಡೂವರೆ ಗಂಟೆ ಮುಂಚಿತವಾಗಿ ಬರುತ್ತಿದೆಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗೊತ್ತಾಗಿತ್ತು. ಅದಕ್ಕೆ ಸರಿಯಾದ ವಿವರಣೆ ಸಿಕ್ಕಿದ್ದು 1950ರಲ್ಲಿ, ಫ್ರೆಡ್ ವಿಪಲ್ ಧೂಮಕೇತುವನ್ನು ಹಿಮ ಮತ್ತು ಧೂಳು ಬೆರೆತ ಗಟ್ಟಿ ಕಾಯವೆಂದು ವಿವರಿಸಿದಾಗ. 67ಪಿಯಲ್ಲಿ ಈ ನೂಕುವಿಕೆಯ ಕೆಲಸವನ್ನು ರೊಸೆಟ್ಟಾ ಪಕ್ಕದಲ್ಲಿದ್ದೇ ಅಳೆಯಿತು. 2014ರ ಆಗಸ್ಟಿನಲ್ಲಿ ನೌಕೆ ತಲುಪಿದಾಗ ಧೂಮಕೇತು ತನ್ನ ಅಕ್ಷದ ಮೇಲೆ 12.4 ಗಂಟೆಗೊಮ್ಮೆ ತಿರುಗುತ್ತಿತ್ತು. 2015ರ ಆಗಸ್ಟ್ 13ರ ಪುರರವಿಯನ್ನು ದಾಟಿ ಹೊರಟ ಮೇಲೆ ಆ ಅವಧಿ ಸುಮಾರು 20 ನಿಮಿಷ ಕಡಿಮೆಯಾಗಿತ್ತು. ಕಕ್ಷೆಯ ಮೇಲೆ ಈ ನೂಕುವಿಕೆಯ ಪರಿಣಾಮ ಗುರುವಿನ ಎಳೆತದ ಮುಂದೆ ಬಲು ಸಣ್ಣದು. ಆದರೆ ದೀರ್ಘಾವಧಿಯ ಲೆಕ್ಕವನ್ನು ಕೆಡಿಸುವುದು ಇಂಥ ಸಣ್ಣ ಅನಿಶ್ಚಿತತೆಯೇ: ಗುರುವಿನ ಬಳಿ ತಲುಪುವ ಹೊತ್ತು ಸ್ವಲ್ಪ ಹೆಚ್ಚುಕಡಿಮೆಯಾದರೂ ಎಳೆತದ ದಿಕ್ಕು ಬದಲಾಗಿ, ಸಮಾಗಮದ ನಂತರದ ಕಕ್ಷೆಗಳಲ್ಲಿ ದೊಡ್ಡ ಅಂತರ ಬೀಳುತ್ತದೆ. ಆದುದರಿಂದ ಒಂದೊಂದು ನಿಕಟ ಸಮಾಗಮ ದಾಟಿದಂತೆಲ್ಲ, ಹಿಂದಕ್ಕಾಗಲೀ ಮುಂದಕ್ಕಾಗಲೀ, ಲೆಕ್ಕದ ಭರವಸೆ ಕುಗ್ಗುತ್ತ ಹೋಗುತ್ತದೆ. 1959ರ ಹಿಂದಿನ ಕಕ್ಷೆಯನ್ನು ನಾವು ವಿಶ್ವಾಸದಿಂದ ಹೇಳಬಹುದು. ಸಾವಿರಾರು ವರ್ಷಗಳ ಹಿಂದಿನದನ್ನು ಸಂಭಾವ್ಯತೆಯ ಭಾಷೆಯಲ್ಲಿ ಮಾತ್ರ.

ಕೊನೆಯದಾಗಿ ಮುಂದಿನ ದಿನಗಳು. 67ಪಿ 2021ರ ನವೆಂಬರ್ 2ರಂದು ಸೂರ್ಯನಿಂದ 1.21 ಖಗೋಳಮಾನ ದೂರದ ಪುರರವಿಯಲ್ಲಿತ್ತು, ಹತ್ತು ದಿನ ಬಿಟ್ಟು ಭೂಮಿಗೆ ಅತಿ ಸಮೀಪ ಬಂದಿತು. ಹವ್ಯಾಸಿಗಳ ದೂರದರ್ಶಕಗಳಿಗೂ ಆಗ ಅದು ಸಿಕ್ಕಿತು. 1.28ರಿಂದ 1.21ಕ್ಕೆ ಇಳಿದಿರುವುದನ್ನು ತಾವು ಗಮನಿಸಿರಬಹುದು. ದೂರದಿಂದಲೇ ಆಗುವ ಗುರುವಿನ ಸಣ್ಣ ಎಳೆತಗಳು ಆಗಾಗ ಹೀಗೆ ಕಕ್ಷೆಯನ್ನು ತಿದ್ದುತ್ತಿರುತ್ತವೆ. ಈಗಿನ ಲೆಕ್ಕದಂತೆ ಮುಂದಿನ ದೊಡ್ಡ ಬದಲಾವಣೆ 2220ರ ಸುಮಾರಿಗೆ. ಆಗ ಗುರುವಿನ ಸಮೀಪ ಹಾದು ಅದರ ಪುರರವಿ ಭೂಮಿಯ ಕಕ್ಷೆಯ ಒಳಕ್ಕೆ ಬರುವ ನಿರೀಕ್ಷೆಯಿದೆ. ತಾವೇ ನೋಡಬೇಕೆಂದಿದ್ದರೆ ಮುಂದಿನ ಪುರರವಿ 2028ರ ಏಪ್ರಿಲ್‌ನಲ್ಲಿ. ಆದರೆ ಈ ಕಕ್ಷೆಯ ಪುರರವಿ ಇರುವ ದಿಕ್ಕಿನಲ್ಲಿ ಭೂಮಿ ಇರುವುದು ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ನಾವು ಸೂರ್ಯನ ಬಹುತೇಕ ಆಚೆ ಬದಿಗಿರುತ್ತೇವೆ. ಆ ಸಲ ಅದು 2021ರಷ್ಟು ಪ್ರಕಾಶಮಾನವಾಗಿ ಕಾಣಲಾರದು.